ದ್ರಾಕ್ಷಿ ಬೆಳೆಗಾರರ ಬೆನ್ನಿಗೆ ನಿಂತ ಡಾ. ಮರೀಗೌಡ

ಬೆಂಗಳೂರು–ಮೈಸೂರು ಹಾದಿಯಲ್ಲಿ ಚನ್ನಪಟ್ಟಣವೆಂದರೆ ನೆನಪಾಗುವುದು ಬಣ್ಣದ ಬೊಂಬೆ. ಈಚಿನ ವರ್ಷಗಳಲ್ಲಿ ಅದೇ ಊರಿನ ಬಳಿಯ ಹೆರಿಟೇಜ್ ವೈನರಿಯೂ ಪ್ರವಾಸಿಗರನ್ನು ಸೆಳೆಯುತ್ತಿದೆ. ರಾಗಿ, ರೇಷ್ಮೆ, ಮಾವಿನ ಈ ಸೀಮೆಗೆ ದ್ರಾಕ್ಷಾರಸದ ನಂಟು ಬೆಳೆದ ಬಗೆಯನ್ನು ಹುಡುಕುತ್ತ ಹೊರಟರೆ ಲಾಲ್‌ಬಾಗ್ ತಲುಪಬೇಕಾಗುತ್ತದೆ. ಅಲ್ಲಿ ದಶಕಗಳ ಕಾಲ ದುಡಿದವರು ಡಾ. ಎಂ.ಎಚ್. ಮರೀಗೌಡ. ಅವರು ವೈನ್ ತಯಾರಿಸಿದವರಲ್ಲ. ದ್ರಾಕ್ಷಿ ಬೆಳೆದವನು ಅದನ್ನು ಕೊಳೆಯುವ ಮುನ್ನ ಯಾರಿಗೆ ಮಾರಬೇಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು.

1916ರ ಆಗಸ್ಟ್ 8ರಂದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಜನಿಸಿದ ಮರೀಗೌಡರು ಸಸ್ಯಶಾಸ್ತ್ರ ಓದಿ ಲಾಲ್‌ಬಾಗ್ ಸೇರಿದರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಗಳಿಸಿ ಮರಳಿದರು. ಕ್ರುಂಬಿಗಲ್, ಜವರಾಯ ಮೊದಲಾದವರು ಬೆಳೆಸಿದ ಪರಂಪರೆ ಅವರ ಕೈಸೇರಿತು.

ದ್ರಾಕ್ಷಿಯ ಕಷ್ಟವೇ ಬೇರೆ. ಮಾವಿನಂತೆ ಇದನ್ನು ಕಾಯಿಯಾಗಿ ಕಿತ್ತು ಹಣ್ಣು ಮಾಡಲಾಗದು, ಬಳ್ಳಿಯಲ್ಲೇ ಮಾಗಬೇಕು. ಕಿತ್ತ ಮೇಲೆ ಹೆಚ್ಚು ದಿನ ಇರದು. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ನಿದ್ರಿಸಿ ವರ್ಷಕ್ಕೆ ಒಂದು ಫಸಲು ಕೊಟ್ಟರೆ, ಬೆಂಗಳೂರಿನ ಸುತ್ತ ಸವರುವ ಕಾಲವನ್ನು ಹೊಂದಿಸಿ ಎರಡು ಫಸಲು ತೆಗೆಯಬಹುದು. ಫಸಲು ಎರಡಾದರೆ ಮಾರಾಟದ ಚಿಂತೆಯೂ ಎರಡು ಸಲ. ದಲ್ಲಾಳಿ ಹೇಳಿದ ಬೆಲೆಗೆ ಒಪ್ಪದೆ ರೈತನಿಗೆ ಗತ್ಯಂತರವಿಲ್ಲ.

ಮರೀಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘ ಹುಟ್ಟಿತು. ಇಂದು ನಗರವಾಸಿಗಳು ಹಣ್ಣು, ತರಕಾರಿ ಕೊಳ್ಳುವ ಹಾಪ್‌ಕಾಮ್ಸ್‌ನ ಮೂಲ ಇದೇ. ಅದು ದ್ರಾಕ್ಷಿಯಿಂದ ಆರಂಭವಾದದ್ದು ಅನೇಕರಿಗೆ ತಿಳಿದಿಲ್ಲ. ಆಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳೆಲ್ಲ ಬೆಂಗಳೂರು ಜಿಲ್ಲೆಯಲ್ಲೇ ಇದ್ದವು. ಸಂಘದ ಹೆಸರಿನಲ್ಲಿ ಸಂಸ್ಕರಣೆ ಎಂಬ ಪದ ಮೊದಲೇ ಸೇರಿದ್ದುದು ಗಮನಾರ್ಹ.

1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಮರೀಗೌಡರೇ ಅದರ ನಿರ್ದೇಶಕರು. ರಾಜ್ಯದ ಉದ್ದಗಲಕ್ಕೂ ತೋಟಗಾರಿಕಾ ಕ್ಷೇತ್ರಗಳು, ಸಸಿಮಡಿಗಳು ತಲೆಯೆತ್ತಿದವು. 1974ರಲ್ಲಿ ಅವರು ನಿವೃತ್ತರಾದರು.

ಈ ಭಾಗದ ಹೆಸರಾಂತ ತಳಿ ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಕಡು ನೇರಳೆ ಬಣ್ಣ, ಮೂಗಿಗೆ ಅಡರುವ ಕಂಪು. ಅಮೆರಿಕ ಮೂಲದ ಇಸಬೆಲ್ಲಾ ತಳಿಯೇ ಇದೆಂದು ಗುರುತಿಸುವವರುಂಟು. ಆ ಕಂಪನ್ನು ಒಲ್ಲದ ಫ್ರಾನ್ಸ್ 1934ರಲ್ಲಿ ಇಸಬೆಲ್ಲಾ ಸೇರಿದಂತೆ ಆರು ತಳಿಗಳ ಮೇಲೆ ನಿಷೇಧ ಹೇರಿತ್ತು. ಅಲ್ಲಿ ಬೇಡವಾದದ್ದು ಇಲ್ಲಿ ಹಣ್ಣಾಗಿ, ರಸವಾಗಿ, ಸಿಹಿ ವೈನ್ ಆಗಿ ಬಾಳಿತು. ಇಲ್ಲಿ ಪೋರ್ಟ್ ಎಂದು ಕರೆಯುವ ಸಿಹಿ ವೈನ್‌ಗೂ ಪೋರ್ಚುಗಲ್ಲಿನ ಡೌರೊ ಕಣಿವೆಯ ನಿಜವಾದ ಪೋರ್ಟ್‌ಗೂ ಹೆಸರಿನ ಹೊರತು ಹೆಚ್ಚಿನ ಸಾಮ್ಯವಿಲ್ಲ ಎಂಬುದು ಬೇರೆ ಮಾತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೇ ಬೆಂಗಳೂರು ಬ್ಲೂ ಬಳಸಿ ಅರ್ಕಾ ಶ್ಯಾಮ್ ಎಂಬ ತಳಿ ರೂಪಿಸಿತು. ಆ ಅರ್ಕಾ ಬಂದದ್ದು ಅರ್ಕಾವತಿಯಿಂದ. ನಂದಿಬೆಟ್ಟದಲ್ಲಿ ಹುಟ್ಟಿ, ರಾಮನಗರ, ಕನಕಪುರದ ಮೂಲಕ ಕಾವೇರಿ ಸೇರುವ ಹೊಳೆ ಅದು.

ಮರೀಗೌಡರು ಬದುಕಿದ್ದಾಗಲೇ, 1980ರ ದಶಕದ ಕೊನೆಯಲ್ಲಿ, ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳನ್ನು ನೆಟ್ಟಿತು. 1990ರ ದಶಕದ ಆರಂಭದಲ್ಲಿ ಮರೀಗೌಡರು ತೀರಿಕೊಂಡರು. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಪ್ರಕಟಿಸಿದ್ದು 2007ರಲ್ಲಿ. ರಾಮನಗರ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ನೀತಿಯ ಬೆನ್ನಲ್ಲೇ ರೂಪುಗೊಂಡ ವೈನ್ ಮಂಡಳಿಯ ಹೊಣೆ ಬಿದ್ದದ್ದು ಅಬಕಾರಿ ಇಲಾಖೆಗಲ್ಲ, ಮರೀಗೌಡರು ಕಟ್ಟಿದ ತೋಟಗಾರಿಕೆ ಇಲಾಖೆಗೆ.