ವೆಂಕಟಪ್ಪನವರ ದಿನಚರಿ ಮತ್ತು ನನ್ನ ಮಳೆಗಾಲ

ಈ ಸಲದ ವಾರ್ತಾಪತ್ರಕ್ಕೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡು ಎಂದು ಕನ್ನಡ ಮೇಡಂ ಹೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಹಿಂದಿನ ಸಂಚಿಕೆಗಳಲ್ಲಿ ವಿಜ್ಞಾನಿಗಳು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಬಂದುಹೋಗಿದ್ದಾರೆ. ಚಿತ್ರಕಾರರು ಮಾತ್ರ ಯಾರೂ ಬಂದಿರಲಿಲ್ಲ. ಅದಕ್ಕೇ ಮೈಸೂರಿನ ಕೆ. ವೆಂಕಟಪ್ಪನವರನ್ನು ಆರಿಸಿಕೊಂಡೆ. ಅವರನ್ನೇ ಆರಿಸಿದ್ದಕ್ಕೆ ನನ್ನ ಸ್ವಂತದ ಕಾರಣವೂ ಒಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ದಿನಕ್ಕೊಂದು ಚಿತ್ರ ಬಿಡಿಸಬೇಕು ಎಂದು ಶುರುಮಾಡಿದೆ. ಒಂದು ದಿನ ಪುಸ್ತಕದಲ್ಲಿ ಪೆನ್ಸಿಲ್, ಒಂದು ದಿನ ಅಬ್ಬಾರ ಹಳೇ ಫೋನಿನಲ್ಲಿ ಐಬಿಸ್ ಪೇಂಟ್. ಬರಬರುತ್ತಾ ಫೋನೇ ಹೆಚ್ಚಾಯಿತು. ಬಣ್ಣಕ್ಕೆ ದುಡ್ಡು ಬೇಡ, ತಪ್ಪಾದರೆ ಎರಡು ಬೆರಳು ತಾಗಿಸಿದರೆ ಸಾಕು, ಹಿಂದಿನದು ವಾಪಸ್. ಹೋದ ವರ್ಷ ಜೂನ್ ತಿಂಗಳಲ್ಲಿ ಬಸ್ಸಿನಿಂದ ಇಳಿದು ಮನೆಗೆ ನಡೆಯುವಷ್ಟರಲ್ಲಿ ಬ್ಯಾಗಿನೊಳಗೆ ನೀರು ಹೋಗಿ ಆ ಫೋನ್ ಸತ್ತೇಹೋಯಿತು. ಇನ್ನೂರಕ್ಕೂ ಹೆಚ್ಚು ಚಿತ್ರಗಳು ಅದರಲ್ಲೇ ಇದ್ದವು. ಬೇರೆಲ್ಲೂ ಇಟ್ಟಿರಲಿಲ್ಲ, ಅದು ನನ್ನದೇ ತಪ್ಪು. ಆಮೇಲೆ ಸುಮಾರು ಎರಡು ತಿಂಗಳು ನಾನು ಏನನ್ನೂ ಬಿಡಿಸಲಿಲ್ಲ. ಅಮ್ಮಿಗೆ ಒಳಗೊಳಗೇ ಸಮಾಧಾನ, ಹುಡುಗಿ ಇನ್ನಾದರೂ ಓದುತ್ತಾಳೆ ಎಂದು. ನಾನು ಓದಲೂ ಇಲ್ಲ, ಆ ಮಾತು ಬೇರೆ.

ಆ ಎರಡು ತಿಂಗಳಲ್ಲಿ ನನ್ನ ಕಣ್ಣಿಗೆ ಬಿದ್ದವರು ವೆಂಕಟಪ್ಪನವರು.

ಅವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ಚಿತ್ರಗಾರರ ಮನೆತನ. ತಂದೆ ಅರಮನೆಗೆ ಕೆಲಸ ಮಾಡುತ್ತಿದ್ದ ಕಲಾವಿದರು. ಮೈಸೂರು ಶೈಲಿಯ ಚಿತ್ರ ಎಂದರೆ ನಮಗೆ ಚಿನ್ನದ ರೇಕು ಅಂಟಿಸಿದ ದೇವರ ಚಿತ್ರ ಮಾತ್ರ ನೆನಪಾಗುತ್ತದೆ. ಆದರೆ ಆ ಮನೆಗಳಲ್ಲಿ ಬಣ್ಣ, ಕುಂಚ, ಇದ್ದಿಲು ಎಲ್ಲವನ್ನೂ ತಾವೇ ತಯಾರಿಸಿಕೊಳ್ಳುತ್ತಿದ್ದರು. ಹುಣಸೆ ಕಡ್ಡಿಗಳನ್ನು ಸುಟ್ಟರೆ ಗೆರೆ ಎಳೆಯುವ ಇದ್ದಿಲಾಗುತ್ತದೆ. ಅಳಿಲಿನ ಬಾಲದ ಕೂದಲಿನಿಂದ ಸಣ್ಣ ಕುಂಚ. ಬಣ್ಣವನ್ನು ಕಲ್ಲಿನ ಮೇಲೆ ಅರೆದು ಗೋಂದು ಸೇರಿಸುವುದು. ಇಂಥ ಮನೆತನದಲ್ಲಿ ಹುಟ್ಟಿದ ಹುಡುಗನಿಗೆ ಚಿತ್ರ ಎಂದರೆ ಮನಸ್ಸು ಬಂದಾಗ ಮಾಡುವ ಕೆಲಸವಲ್ಲ. ಕುಂಬಾರನ ಮನೆಯಲ್ಲಿ ಚಕ್ರ ತಿರುಗಿದಂತೆ ದಿನಾ ನಡೆಯುವ ಕಸುಬು.

ನಾಲ್ವಡಿ ಕೃಷ್ಣರಾಜ ಒಡೆಯರು ಈ ಹುಡುಗನ ಕೈ ನೋಡಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿಕೊಟ್ಟರು. 1909ರ ಸುಮಾರಿಗೆ ಅಲ್ಲಿಗೆ ಹೋದ ವೆಂಕಟಪ್ಪನವರಿಗೆ ಗುರುಗಳಾಗಿ ಸಿಕ್ಕಿದವರು ಅವನೀಂದ್ರನಾಥ ಠಾಕೂರರು, ಕವಿ ರವೀಂದ್ರನಾಥರ ಅಣ್ಣನ ಮಗ ವರಸೆಯವರು. ಜೊತೆಯಲ್ಲಿ ಕಲಿಯುತ್ತಿದ್ದವರಲ್ಲಿ ನಂದಲಾಲ್ ಬೋಸ್ ಒಬ್ಬರು. ಮುಂದೆ ನಮ್ಮ ಸಂವಿಧಾನದ ಮೂಲ ಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದ್ದು ಇದೇ ನಂದಲಾಲರ ನೇತೃತ್ವದಲ್ಲಿ.

ಅಲ್ಲಿ ಕಲಿಸುತ್ತಿದ್ದ ಒಂದು ವಿಧಾನವನ್ನು ಸ್ವಲ್ಪ ವಿವರಿಸಬೇಕು. ಜಪಾನಿನಿಂದ ಕಲ್ಕತ್ತೆಗೆ ಬಂದಿದ್ದ ಕಲಾವಿದರ ಕೆಲಸ ನೋಡಿ ಅವನೀಂದ್ರನಾಥರು ತಮ್ಮದೇ ಆದ ವಾಶ್ ಪದ್ಧತಿಯನ್ನು ರೂಢಿಸಿದ್ದರು. ಕಾಗದದ ಮೇಲೆ ಜಲವರ್ಣ ಹಚ್ಚುವುದು, ಒಣಗಿಸುವುದು, ಆಮೇಲೆ ಇಡೀ ಕಾಗದವನ್ನೇ ನೀರಿನಲ್ಲಿ ಅದ್ದುವುದು. ಮೇಲೆ ಸಡಿಲವಾಗಿ ಕೂತ ಬಣ್ಣ ತೊಳೆದುಹೋಗುತ್ತದೆ, ಕಾಗದದೊಳಗೆ ಇಳಿದಷ್ಟು ಉಳಿಯುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಹಲವು ಸಲ ಆದಮೇಲೆ ಚಿತ್ರಕ್ಕೆ ಮಂಜು ಕವಿದ ಹಾಗೆ ಒಂದು ಮೆದು ಬೆಳಕು ಬರುತ್ತದೆ. ಇದನ್ನು ಓದಿದಾಗ ನಾನು ಎರಡು ನಿಮಿಷ ಪುಸ್ತಕ ಮುಚ್ಚಿ ಕೂತೆ. ನೀರು ಬಿದ್ದು ನನ್ನ ಚಿತ್ರ ಹೋಯಿತು ಎಂದು ನಾನು ಅಳುತ್ತಿದ್ದರೆ, ಇವರು ಬಿಡಿಸಿದ ಚಿತ್ರವನ್ನು ಬೇಕೆಂದೇ ನೀರಿಗೆ ಹಾಕುತ್ತಿದ್ದರು! ನಮ್ಮ ಫೋನಿನ ಆ್ಯಪ್‌ನಲ್ಲಿ ಒಂದರ ಮೇಲೊಂದು ಲೇಯರ್ ಹಾಕುತ್ತೇವಲ್ಲ, ಇದೂ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಹಿಂದಿನ ಲೇಯರಿಗೆ ವಾಪಸ್ ಹೋಗಲಾಗುವುದಿಲ್ಲ.

ಕಲಿಯುತ್ತಿರುವಾಗಲೇ ಅವರಿಗೆ ದೊಡ್ಡ ಕೆಲಸಗಳು ಬಂದವು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂತು. ಅದರಲ್ಲಿನ ರಾಮಾಯಣದ ಹಲವು ಚಿತ್ರಗಳು ವೆಂಕಟಪ್ಪನವರದು. ಕಲ್ಕತ್ತೆಯಲ್ಲೇ ಉಳಿದಿದ್ದರೆ ಅವರ ಹೆಸರು ಇನ್ನೂ ದೊಡ್ಡದಾಗುತ್ತಿತ್ತು ಎಂದು ನನಗನ್ನಿಸುತ್ತದೆ. ಆದರೆ ಅವರು ಮೈಸೂರಿಗೆ ಮರಳಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು.

ಇಲ್ಲಿಂದ ಮುಂದೆ ಅವರು ಹಿಡಿದ ಸಾಮಗ್ರಿಗಳನ್ನು ನೋಡಿ. ಕಾಗದದ ಮೇಲೆ ಜಲವರ್ಣ ಇತ್ತೇ ಇತ್ತು. ಆನೆದಂತದ ಸಣ್ಣ ಹಲ್ಲೆಗಳ ಮೇಲೆ ಭಾವಚಿತ್ರ ಬರೆದರು. ದಂತ ಬಣ್ಣವನ್ನು ಹೀರಿಕೊಳ್ಳುವುದಿಲ್ಲ, ಕುಂಚದಲ್ಲಿ ನೀರು ಒಂದು ಹನಿ ಹೆಚ್ಚಾದರೂ ಕೆಳಗಿನ ಬಣ್ಣ ಎದ್ದುಬರುತ್ತದೆ. ಹಾಗಾಗಿ ಚುಕ್ಕಿ ಚುಕ್ಕಿಯಾಗಿ ಇಡಬೇಕು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ. ಮೈಸೂರು ಅರಮನೆಗಾಗಿ ಅವರು ಮಾಡಿದ ಉಬ್ಬುಶಿಲ್ಪಗಳು ಹೆಸರುವಾಸಿ. ಜಲವರ್ಣದ ಕಲಾವಿದ ಗಾರೆಗೆ ಕೈ ಹಾಕುವುದೆಂದರೆ ಮತ್ತೆ ಒಂದನೇ ಕ್ಲಾಸಿಗೆ ಸೇರಿದ ಹಾಗೆ. ಅವರಿಗೆ ಅದರಲ್ಲಿ ಸಂಕೋಚ ಇದ್ದಂತೆ ಕಾಣುವುದಿಲ್ಲ.

ಸಾಲದೆಂಬಂತೆ ವೀಣೆ. ಪ್ರಸಿದ್ಧ ವೀಣೆ ಶೇಷಣ್ಣನವರ ಬಳಿ ವೆಂಕಟಪ್ಪನವರು ವೀಣೆ ಕಲಿತರು. ಬರೀ ಹವ್ಯಾಸಕ್ಕೆ ಕಲಿತದ್ದಲ್ಲ, ದಿನಾ ಗಂಟೆಗಟ್ಟಲೆ ಸಾಧನೆ ಮಾಡುತ್ತಿದ್ದರು. ಚಿತ್ರಕಲೆ ಹಿಂದೆ ಸರಿಯುವಷ್ಟು ಹುಚ್ಚು ಹಿಡಿಯಿತು. ಆ ಹುಚ್ಚನ್ನು ತಾವೇ ಗೇಲಿ ಮಾಡಿಕೊಂಡು ಒಂದು ಚಿತ್ರವನ್ನೂ ಬರೆದಿದ್ದಾರೆ. ಇದರಿಂದ ನಮಗೆ ಎಷ್ಟು ಚಿತ್ರಗಳು ತಪ್ಪಿಹೋದವೋ ಎಂದು ಮರುಗುವವರಿದ್ದಾರೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ನಮ್ಮ ಮನೆ ಹತ್ತಿರ ಉರ್ದು ಖತ್ ಬರೆಯುವ ಹಿರಿಯರೊಬ್ಬರಿದ್ದಾರೆ. ಅವರು ಮಕ್ಕಳಿಗೆ ಮೊದಲು ಚುಕ್ಕಿ ಇಡಿಸುತ್ತಾರೆ, ಕಲಮಿನ ಬಾಯಿ ಎಷ್ಟಗಲವೋ ಅಷ್ಟೇ ಅಗಲದ ಚುಕ್ಕಿ. ಅಲಿಫ್ ಎಷ್ಟು ಎತ್ತರ ಎಂಬುದನ್ನು ಆ ಚುಕ್ಕಿಗಳಲ್ಲೇ ಅಳೆಯುವುದು. ತಿಂಗಳುಗಟ್ಟಲೆ ಅದೇ ಮಶ್ಕ್. ನನ್ನ ಗೆರೆ ನಡುಗುವುದು ಕಡಿಮೆಯಾದದ್ದು ಅವರ ಹತ್ತಿರ ಒಂದು ರಜೆ ಕೂತ ಮೇಲೆ. ಕೈ ಎಲ್ಲಿ ಕಲಿತದ್ದನ್ನು ಎಲ್ಲಿ ಬಳಸುತ್ತದೆ ಎಂದು ಹೇಳುವುದು ಕಷ್ಟ.

ವೆಂಕಟಪ್ಪನವರಿಗೆ ದಿನಚರಿ ಬರೆಯುವ ಅಭ್ಯಾಸವಿತ್ತು. ದಿನದ ಕೆಲಸ, ಸಾಧನೆ, ಖರ್ಚು ಎಲ್ಲಕ್ಕೂ ಲೆಕ್ಕ. ಮದುವೆಯಾಗಲಿಲ್ಲ. ಸರಳವಾಗಿ, ಶಿಸ್ತಾಗಿ, ನೋಡುವವರಿಗೆ ಸ್ವಲ್ಪ ಒರಟಾಗಿ ಬದುಕಿದರು. ಇಷ್ಟೊಂದು ಬಿಗಿ ನನಗೆ ಹಿಡಿಸುವುದಿಲ್ಲ, ನಿಜ ಹೇಳಬೇಕೆಂದರೆ. ಅವರ ಜೊತೆ ಒಂದೇ ಮನೆಯಲ್ಲಿ ಇರುವುದು ಕಷ್ಟವಾಗಿತ್ತೇನೋ. ಆದರೆ ನೀರಿಗೆ ಸಿಕ್ಕರೂ ಬೇಸರಕ್ಕೆ ಸಿಕ್ಕರೂ ಮರುದಿನ ಮತ್ತೆ ಕೂರುವುದು ಹೇಗೆ ಎಂದು ನಾನು ಹುಡುಕುತ್ತಿದ್ದ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಆ ಬಿಗಿಯೇ. ಜಪಾನಿನ ಹೊಕುಸಾಯಿ ಎಂಬ ಕಲಾವಿದ ಎಂಬತ್ತು ದಾಟಿದ ಮೇಲೆ, 1842-43ರಲ್ಲಿ, ಕೇಡು ಹತ್ತಿರ ಬಾರದಿರಲಿ ಎಂದು ಬೆಳಿಗ್ಗೆ ಎದ್ದು ಒಂದೊಂದು ಸಿಂಹ ಬಿಡಿಸುತ್ತಿದ್ದನಂತೆ. ಆ ಹಾಳೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಉಳಿದಿವೆ. ನನ್ನ ಫೋನಿನಲ್ಲಿ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ ಈ ಲೆಕ್ಕ ಮರೆಯುವುದಿಲ್ಲ.

1920 ಮತ್ತು 30ರ ದಶಕಗಳಲ್ಲಿ ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ಗಳಲ್ಲಿ ಬರೆದ ನಿಸರ್ಗ ಚಿತ್ರಗಳೇ ನನಗೆ ಎಲ್ಲಕ್ಕಿಂತ ಇಷ್ಟ. ಬೆಳದಿಂಗಳ ಊಟಿ, ಮಳೆಮೋಡ ಒಡೆದು ಬೆಳಕು ಇಳಿಯುವ ಬೆಟ್ಟ, ಕೊಡೈಕೆನಾಲಿನ ಕೆರೆ. ಒಂದು ಗೆರೆಯೂ ಎದ್ದು ಕಾಣುವುದಿಲ್ಲ, ಬರೀ ಗಾಳಿ ಮತ್ತು ತೇವ. ಜುಲೈನಲ್ಲಿ ಬೆಳಿಗ್ಗೆ ಕವಡಿಕೆರೆಯ ಕಡೆ ಹೋದವರಿಗೆ, ಅರಬೈಲು ಘಟ್ಟದಲ್ಲಿ ಬಸ್ಸು ಮೋಡದೊಳಗೆ ನುಗ್ಗುವುದನ್ನು ಕಂಡವರಿಗೆ ಈ ಚಿತ್ರಗಳು ಪರಿಚಿತ ಅನ್ನಿಸುತ್ತವೆ. ನಾನು ಅವನ್ನು ನೋಡಿದ್ದು ಫೋನಿನ ಪರದೆಯಲ್ಲಿ ಮಾತ್ರ. ಮೂಲ ಚಿತ್ರಗಳಿರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಅವರದೇ ಹೆಸರಿನ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ. ಕಾಲೇಜು ಪ್ರವಾಸ ಬೆಂಗಳೂರಿಗಾದರೆ ಒಂದು ಗಂಟೆ ಅಲ್ಲಿಗೂ ಇರಲಿ ಎಂದು ಪ್ರಾಂಶುಪಾಲರಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲಿನದು ದುಃಖದ ಕಥೆ. ಅರಮನೆಯ ಕೆಲಸದ ವಿಚಾರದಲ್ಲಿ ತಕರಾರಾಗಿ ವೆಂಕಟಪ್ಪನವರು ಕೋರ್ಟಿಗೆ ಹೋದರು. ಕಲಾವಿದನೊಬ್ಬ ಅರಮನೆಯ ವಿರುದ್ಧವೇ ನ್ಯಾಯ ಕೇಳಲು ಹೊರಟದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದರಲ್ಲಿ ಅವರ ವರ್ಷಗಳೂ ಮನಸ್ಸಿನ ನೆಮ್ಮದಿಯೂ ಹೋದವು. ಸ್ವಾತಂತ್ರ್ಯ ಬಂದಮೇಲೆ ಕೇಂದ್ರ ಲಲಿತಕಲಾ ಅಕಾಡೆಮಿ ಅವರಿಗೆ ಫೆಲೋಶಿಪ್ ಕೊಟ್ಟು ಗೌರವಿಸಿತು. 1965ರಲ್ಲಿ, ಎಂಬತ್ತರ ಅಂಚಿನಲ್ಲಿ, ಅವರು ನಿಧನರಾದರು.

ಈಗ ನನ್ನ ವಿಷಯ. ಆಗಸ್ಟ್ ಕೊನೆಯಲ್ಲಿ ಮತ್ತೆ ಶುರುಮಾಡಿದೆ. ನಮ್ಮ ಯಲ್ಲಾಪುರದ ಮಳೆಗಾಲದಲ್ಲಿ ಯಾವ ಸಾಮಗ್ರಿಯನ್ನೂ ಪೂರ್ತಿ ನಂಬುವಂತಿಲ್ಲ. ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ, ಜಲವರ್ಣ ಬೆಳಿಗ್ಗೆ ಹಚ್ಚಿದರೆ ರಾತ್ರಿಯಾದರೂ ಒಣಗುವುದಿಲ್ಲ. ಫೋನ್ ಎಂದರೆ ಕರೆಂಟೇ ಇರುವುದಿಲ್ಲ. ಹಾಗಾಗಿ ಆ ದಿನ ಯಾವುದು ಸಿಕ್ಕಿತೋ ಅದು. ಚಾರ್ಜ್ ಇದ್ದರೆ ಅಬ್ಬಾರ ಈಗಿನ ಫೋನ್, ರಾತ್ರಿ ಅವರು ಮಲಗಿದ ಮೇಲೆ ಅರ್ಧ ಗಂಟೆ. ಚಿತ್ರ ಮುಗಿದ ಕೂಡಲೇ ಗೆಳತಿಯ ಫೋನಿಗೂ ಒಂದು ಪ್ರತಿ ಹೋಗುತ್ತದೆ.

ನನ್ನ ಮಾಮು ಹೆದ್ದಾರಿ ಪಕ್ಕ ಲಾರಿಗಳಿಗೆ ಹೆಸರು, ನಂಬರ್ ಬರೆಯುವವರು. ಮೊದಲು ಅಂಗಡಿಗಳ ಬೋರ್ಡೂ ಬರೆಯುತ್ತಿದ್ದರು, ಫ್ಲೆಕ್ಸ್ ಬಂದಮೇಲೆ ಅದು ನಿಂತಿತು. ಹೋದ ತಿಂಗಳು ಅವರೇ ನನ್ನನ್ನು ಕರೆದು ಒಂದು ಹೋಟೆಲಿನ ಬೋರ್ಡನ್ನು ಫೋನಿನಲ್ಲಿ ಮಾಡಿಕೊಡು ಎಂದರು. ನಾನು ಮಾಡಿದ ಅಕ್ಷರಗಳನ್ನು ನೋಡಿ ಕುಂಚ ಹಿಡಿದು ಹಳೇ ತಗಡಿನ ಮೇಲೆ ಹೋ ಎಂಬ ಒಂದೇ ಅಕ್ಷರವನ್ನು ನಾಲ್ಕು ಸಲ ಬರೆದು ತೋರಿಸಿದರು, ತಲೆಕಟ್ಟು ಎಲ್ಲಿ ದಪ್ಪ ಎಲ್ಲಿ ತೆಳು ಎಂದು. ಆಮೇಲೆ ನಾನು ಫೋನಿನಲ್ಲಿ ಮತ್ತೆ ಬರೆದೆ. ಆ ಬೋರ್ಡು ಈಗ ಮೇಲೇರಿದೆ.

ಅಮ್ಮಿಯ ಜೊತೆಗಿನ ಒಪ್ಪಂದ ಹೀಗಿದೆ: ದ್ವಿತೀಯ ಪಿಯುಸಿ ಪರೀಕ್ಷೆಯವರೆಗೆ ದಿನಕ್ಕೆ ಅರ್ಧ ಗಂಟೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ಗಡಿಯಾರ ನೋಡುವವರು ಅವರೇ. ನಿನ್ನೆ ಸಂಜೆಯಿಂದ ಕರೆಂಟ್ ಇರಲಿಲ್ಲ. ಬಚ್ಚಲ ಒಲೆಯಲ್ಲಿ ಹುಣಸೆ ಕಡ್ಡಿಗಳನ್ನು ಡಬ್ಬಿಯಲ್ಲಿ ಮುಚ್ಚಿ ಸುಟ್ಟು ನೋಡಿದೆ. ಅರ್ಧ ಬೂದಿಯಾದವು, ಮೂರು ಚೆನ್ನಾಗಿ ಬಂದವು. ಅದರಲ್ಲೇ ಮೇಣದಬತ್ತಿ ಬೆಳಕಿನಲ್ಲಿ ಅಮ್ಮಿಯ ಮುಖ ಬರೆಯುತ್ತಾ ಕೂತೆ. ಮೂಗು ಸರಿಬರಲಿಲ್ಲ, ಎಂದಿನಂತೆ ಎರಡು ಬೆರಳು ಹಾಳೆಯ ಮೇಲೆ ತಾಗಿಸಿಬಿಟ್ಟೆ. ಕೆನ್ನೆಯೆಲ್ಲ ಕಪ್ಪಾಯಿತು. ಅಮ್ಮಿ ನಕ್ಕು, ಗಡಿಯಾರ ನೋಡಿ, ಇನ್ನೂ ಹತ್ತು ನಿಮಿಷ ಇದೆ ಎಂದರು.