ಕಾರ್ಖಾನೆಯ ಗಾಳಿಯನ್ನು ಪರೀಕ್ಷಿಸಿದ ಡಾಕ್ಟರಮ್ಮ

ಆಲಿಸ್ ಹ್ಯಾಮಿಲ್ಟನ್ ಹುಟ್ಟಿದ್ದು 1869ರಲ್ಲಿ, ನ್ಯೂಯಾರ್ಕಿನಲ್ಲಿ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ, 1897ರಲ್ಲಿ ಶಿಕಾಗೋದ ಹಲ್ ಹೌಸ್ ಸೇರಿದರು. ಸುತ್ತಲೂ ವಲಸೆ ಬಂದ ಕೂಲಿಗಾರರ ಕೇರಿ. ದುಡಿಯೋ ಜಾಗವೇ ಜನರನ್ನು ರೋಗಕ್ಕೆ ತಳ್ಳುತ್ತಿದೆ ಅನ್ನೋದು ಅವರ ಗಮನಕ್ಕೆ ಬಂದದ್ದು ಅಲ್ಲೇ.

1910ರಲ್ಲಿ ಇಲಿನಾಯ್ ಸರ್ಕಾರ ಸೀಸದ ವಿಷದ ತನಿಖೆಯನ್ನು ಅವರಿಗೆ ವಹಿಸಿತು. ಮಾಲೀಕರನ್ನು ಕೇಳಿದರೆ, ಕೂಲಿಯವರು ಕೈ ತೊಳೆಯೋದಿಲ್ಲ, ಅದಕ್ಕೇ ಕಾಯಿಲೆ ಅಂತ ಸಿದ್ಧ ಉತ್ತರ! ಹ್ಯಾಮಿಲ್ಟನ್ ಆಸ್ಪತ್ರೆಯ ದಾಖಲೆ ಹುಡುಕಿದರು, ರೋಗಿಗಳ ಮನೆಗೇ ಹೋದರು. ತಪ್ಪು ಕೈಯದಲ್ಲ, ಉಸಿರಿಗೆ ಹೋಗೋ ಧೂಳು ಮತ್ತು ಹೊಗೆಯದು ಎಂದು ತೋರಿಸಿದರು. 1911ರಲ್ಲಿ ಅಲ್ಲಿ ಕಾನೂನೇ ಬಂತು.

ದ್ರಾವಕಗಳ ಕಥೆ ಇನ್ನೂ ಕಷ್ಟದ್ದು. ಸೀಸದ ಧೂಳಾದರೆ ಕಣ್ಣಿಗೆ ಕಾಣುತ್ತೆ, ಆವಿ ಕಾಣೋದಿಲ್ಲ. ನಮ್ಮಲ್ಲಿ ಕೆಮಿಸ್ಟ್ರಿ ಓದುವವರಿಗೆ ಬೆಂಜೀನ್ ಅಂದರೆ ಬೋರ್ಡಿನ ಮೇಲಿನ ಷಡ್ಭುಜ, ಅಷ್ಟೆ. ಮೊದಲನೇ ಯುದ್ಧ ಮುಗಿದ ಮೇಲೆ ಅದು ಅಮೆರಿಕದಲ್ಲಿ ಹೇರಳವಾಯಿತು. ರಬ್ಬರನ್ನು ಚೆನ್ನಾಗಿ ಕರಗಿಸುತ್ತೆ, ಬೇಗ ಆರುತ್ತೆ. ಕಾರ್ಖಾನೆಗಳಿಗೆ ಇನ್ನೇನು ಬೇಕು? ಆದರೆ ಆ ಆವಿಯನ್ನು ದಿನವೂ ಕುಡಿದವರ ಮೂಳೆಯ ಮಜ್ಜೆ ಸೋತು, ರಕ್ತ ತಯಾರಾಗೋದೇ ನಿಲ್ಲುತ್ತಿತ್ತು. ಹಲ್ಲಿನ ಸಂದಿಯಲ್ಲಿ ರಕ್ತ ಒಸರಿ, ನಿಲ್ಲದೆ ಸತ್ತವರಿದ್ದಾರೆ. 1922ರಲ್ಲೇ ಹ್ಯಾಮಿಲ್ಟನ್ ಈ ಬಗ್ಗೆ ವೈದ್ಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. ಬೆಂಜೀನಿನ ಬದಲು ಟಾಲ್ವೀನ್ ಬಳಸಿದರೆ ಮಜ್ಜೆಗೆ ಆ ಗತಿ ಬಾರದು. ಆವಿಯನ್ನು ಹುಟ್ಟಿದಲ್ಲೇ ಹೀರಿ ಹೊರಗೆ ಹಾಕಬಹುದು. ಮುಖವಾಡ ಕೊಟ್ಟು ಕೈ ತೊಳೆದುಕೊಳ್ಳೋದಕ್ಕಿಂತ ಇದು ಮೇಲು ಅಂತ ನನಗನ್ನಿಸುತ್ತೆ. ಖರ್ಚು ಮಾತ್ರ ಮಾಲೀಕರದು!

1919ರಲ್ಲಿ ಹಾರ್ವರ್ಡ್ ಅವರನ್ನು ಕರೆಯಿತು. ಅಲ್ಲಿ ಪಾಠ ಮಾಡಿದ ಮೊದಲ ಮಹಿಳೆ. ಆದರೆ ಅಧ್ಯಾಪಕರ ಕ್ಲಬ್ಬಿಗೆ ಬರಬಾರದು, ಪದವಿ ಮೆರವಣಿಗೆಯಲ್ಲಿ ನಡೀಬಾರದು, ಫುಟ್ಬಾಲ್ ಟಿಕೆಟ್ ಕೇಳಬಾರದು! 1935ರಲ್ಲಿ ನಿವೃತ್ತರಾದಾಗಲೂ ಸಹಾಯಕ ಪ್ರಾಧ್ಯಾಪಕಿಯೇ.

ಸುಮ್ಮನೆ ಕೂರಲಿಲ್ಲ. ಸುಮಾರು ಎಪ್ಪತ್ತರ ವಯಸ್ಸಲ್ಲಿ ಪೆನ್ಸಿಲ್ವೇನಿಯಾದ ರೇಯಾನ್ ಗಿರಣಿಗಳ ತನಿಖೆಗೆ ನಿಂತರು. ನಾರು ಮಾಡಲು ಬಳಸೋ ಕಾರ್ಬನ್ ಡೈಸಲ್ಫೈಡ್ ನರಗಳನ್ನೇ ತಿನ್ನುತ್ತೆ. ಕಾಲು ಸೋತವರು, ಹುಚ್ಚಾಸ್ಪತ್ರೆ ಸೇರಿದವರು ಅಲ್ಲಿ ಕಂಡರು.

1970ರ ಸೆಪ್ಟೆಂಬರಿನಲ್ಲಿ, 101ರ ವಯಸ್ಸಿನಲ್ಲಿ, ತೀರಿಕೊಂಡರು. ಇಡೀ ಅಮೆರಿಕದ ಕಾರ್ಮಿಕರ ಸುರಕ್ಷತೆಯ ಕಾನೂನಿಗೆ ಸಹಿ ಬಿದ್ದದ್ದು ಅದೇ ಡಿಸೆಂಬರಿನಲ್ಲಿ.