ಕಾದಂಬರಿಕಾರ ರಾಜಾರಾವ್

ಕನ್ನಡ ನಾಡಿನಲ್ಲಿ ಜನಿಸಿ, ಆಂಗ್ಲಭಾಷೆಯ ಕಾದಂಬರಿಗಳಿಂದ ಲೋಕವಿಖ್ಯಾತರಾದವರು ರಾಜಾರಾವ್. ಅವರ ಜನನ ಹಾಸನದಲ್ಲಿ, 1908ರ ನವೆಂಬರ್ 8ರಂದು. ನಾಲ್ಕನೆಯ ವಯಸ್ಸಿನಲ್ಲಿಯೇ ಮಾತೃವಿಯೋಗವಾಯಿತು. ತಂದೆಯವರು ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದರು. ಬಾಲಕನಲ್ಲಿ ವೇದಾಂತದ ಬೀಜ ಬಿದ್ದುದು ಪಿತಾಮಹರ ಸಾನ್ನಿಧ್ಯದಲ್ಲಿ.

ಹೈದರಾಬಾದು, ಅಲೀಗಢಗಳಲ್ಲಿ ವ್ಯಾಸಂಗ ಮಾಡಿ, ಪದವೀಧರರಾಗಿ 1929ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ಫ್ರಾನ್ಸ್ ದೇಶಕ್ಕೆ ತೆರಳಿದರು. 1931ರಲ್ಲಿ ಫ್ರೆಂಚ್ ಅಧ್ಯಾಪಿಕೆ ಕಮೀಲ್ ಮೂಲಿ ಅವರನ್ನು ವರಿಸಿದರು. ಪರದೇಶವಾಸದ ಆ ಮೊದಲ ವರ್ಷಗಳಲ್ಲಿ ಅವರ ಲೇಖನಿ ಕನ್ನಡವನ್ನು ಬಿಟ್ಟಿರಲಿಲ್ಲ. ಧಾರವಾಡದ ‘ಜಯಕರ್ನಾಟಕ’ ಪತ್ರಿಕೆಯಲ್ಲಿ ಅವರ ಕನ್ನಡ ಬರಹಗಳು ಪ್ರಕಟವಾದವು. ಆ ಕೃಷಿ ಮುಂದುವರಿಯಲಿಲ್ಲ. ಕನ್ನಡಕ್ಕೆ ಇದು ನಷ್ಟವೆಂಬ ಖೇದ ಅಕಾರಣವಾದುದಲ್ಲ. ಆದರೆ ‘ಕಾಂತಾಪುರ’ವನ್ನು ಓದಿದವರಿಗೆ ಆ ಖೇದ ಅರ್ಧಕ್ಕರ್ಧ ಶಮನವಾಗುತ್ತದೆ.

1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಪ್ರಥಮ ಕಾದಂಬರಿಯ ಭಾಷೆ ಆಂಗ್ಲವಾದರೂ ಉಸಿರು ಕನ್ನಡದ್ದು. ಕಥೆ ಹೇಳುವವಳು ಅಚ್ಚಕ್ಕನೆಂಬ ವೃದ್ಧೆ. ಜಗಲಿಯ ಮೇಲೆ ಕುಳಿತ ಅಜ್ಜಿಯ ಮಾತಿನಂತೆ ವಾಕ್ಯಕ್ಕೆ ವಾಕ್ಯ ಹೊಸೆದುಕೊಂಡು ಸಾಗುತ್ತದೆ. ಗ್ರಾಮದೇವತೆ ಕೆಂಚಮ್ಮನ ಸ್ಥಳಪುರಾಣ, ಹಿಮವತೀ ನದಿ, ಕಾಫಿ ತೋಟದ ಕೂಲಿಗಳ ಬವಣೆ ಎಲ್ಲವೂ ಅದರಲ್ಲಿ ಬೆರೆತಿವೆ. ಗಾಂಧೀಜಿಯ ವೃತ್ತಾಂತ ಆ ಊರಿಗೆ ಬರುವುದು ವೃತ್ತಪತ್ರಿಕೆಯಿಂದಲ್ಲ, ಹರಿಕಥೆಯಿಂದ! ಹರಿಕಥೆ, ತಾಳಮದ್ದಳೆಗಳನ್ನು ಕೇಳಿ ಬೆಳೆದ ನಮ್ಮ ಕರಾವಳಿಯವರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಬ್ರಾಹ್ಮಣ ತರುಣ ಮೂರ್ತಿ ಹೊಲೆಯರ ಕೇರಿಯವರೊಡನೆ ಬೆರೆತು ಬಹಿಷ್ಕಾರದ ಭೀತಿಗೆ ಗುರಿಯಾಗುತ್ತಾನೆ. ಆ ಕೊರಗಿನಲ್ಲಿಯೇ ತಾಯಿ ನರಸಮ್ಮ ಪ್ರಾಣಬಿಡುತ್ತಾಳೆ. ಸತ್ಯಾಗ್ರಹದಲ್ಲಿ ಊರೇ ಹಾಳಾಗಿ, ಉಳಿದವರು ಕಾಶೀಪುರವನ್ನು ಸೇರುತ್ತಾರೆ. ಜಾತಿಯ ಗೋಡೆ ಒಡೆಯಲು ತೆರಬೇಕಾದ ಬೆಲೆಯನ್ನು ಇಷ್ಟು ನಿಷ್ಠುರವಾಗಿ ತೋರಿದ ಕೃತಿಗಳು ವಿರಳ.

ದಾಂಪತ್ಯ ಮುರಿದು 1939ರಲ್ಲಿ ಸ್ವದೇಶಕ್ಕೆ ಮರಳಿದ ರಾಜಾರಾಯರು 1942ರ ಚಳವಳಿಯಲ್ಲಿ ಪಾಲ್ಗೊಂಡರು. ಬಳಿಕ ತಿರುವನಂತಪುರದ ಆತ್ಮಾನಂದರಲ್ಲಿ ಗುರುವನ್ನು ಕಂಡರು. ಮೊದಲ ಕಾದಂಬರಿಯಾದ 22 ವರ್ಷಗಳ ಮೇಲೆ, 1960ರಲ್ಲಿ, ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಹೊರಬಂದಿತು. ವೇದಾಂತದ ರಜ್ಜುಸರ್ಪ ದೃಷ್ಟಾಂತವೇ ಅದರ ಹೆಸರು. ಭಾರತೀಯ ಪತಿ, ಫ್ರೆಂಚ್ ಪತ್ನಿಯರು ದೂರವಾಗುವುದೇ ಅದರ ವಸ್ತು. ಸ್ವಾನುಭವದ ನೆರಳು ಅದರಲ್ಲಿ ಸ್ಪಷ್ಟ. ತತ್ತ್ವಚರ್ಚೆ ಅಲ್ಲಲ್ಲಿ ಕಥೆಯನ್ನು ನುಂಗಿದೆಯೆಂಬುದೂ ನಿಜ. 1964ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

1966ರಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅನೇಕ ವರ್ಷ ತತ್ತ್ವಶಾಸ್ತ್ರವನ್ನು ಬೋಧಿಸಿದರು. 1988ರಲ್ಲಿ ನ್ಯೂಸ್ಟಾಟ್ ಅಂತಾರಾಷ್ಟ್ರೀಯ ಪುರಸ್ಕಾರ ಲಭಿಸಿತು. 2006ರ ಜುಲೈ 8ರಂದು, ತಮ್ಮ 97ನೆಯ ವಯಸ್ಸಿನಲ್ಲಿ, ಆಸ್ಟಿನ್ ನಗರದಲ್ಲಿ ದೇಹತ್ಯಾಗ ಮಾಡಿದರು. ಮರುವರ್ಷ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು.